ಎಕ್ಸ್‌ರೇ ಚೀಟಿಯಲ್ಲಿ ಎರಡು ಸಾಲು ಬರೆಯಿರಿ

ಮಾನ್ಯ ಸಂಪಾದಕರೇ,

ಜಿಲ್ಲಾಸ್ಪತ್ರೆಗಳಲ್ಲಿ ಎಂಆರ್‌ಐ ಮಾಡಿಸಲು ಜನ ವಾರಗಟ್ಟಲೆ ಕಾಯಬೇಕು, ಇನ್ನಷ್ಟು ಯಂತ್ರಗಳು ಬೇಕು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ಮಾತು ನಿಜ. ಯಂತ್ರಗಳು ಬರಲಿ. ಆದರೆ ಯಂತ್ರದಷ್ಟೇ ಮುಖ್ಯವಾದ, ಹೆಚ್ಚು ಖರ್ಚಿಲ್ಲದ ಇನ್ನೊಂದು ವಿಷಯ ಇದೆ. ವೈದ್ಯರು ಎಕ್ಸ್‌ರೇಗೋ ಸ್ಕ್ಯಾನಿಂಗಿಗೋ ಕಳಿಸುವಾಗ ಬರೆದುಕೊಡುವ ಚೀಟಿ. ಆ ಚೀಟಿಯ ಬಗ್ಗೆ ಹೇಳಲೆಂದೇ ಈ ಪತ್ರ.

ನಾನು ತುಮಕೂರು ಜಿಲ್ಲೆಯಲ್ಲಿ ಎಕ್ಸ್‌ರೇ ಟೆಕ್ನೀಷಿಯನ್ ಆಗಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು, ಹ್ಯಾಂಗರಿಗೆ ಸಿಕ್ಕಿಸಿ ಒಣಗಿಸುತ್ತಿದ್ದ ಕಾಲ ಕಂಡಿದ್ದೇನೆ. ಬಟನ್ ಒತ್ತಿದ ತಕ್ಷಣ ಪರದೆ ಮೇಲೆ ಮೂಳೆ ಮೂಡುವ ಕಾಲವನ್ನೂ ಕಂಡಿದ್ದೇನೆ. ಅಷ್ಟೆಲ್ಲ ಬದಲಾದರೂ ಚೀಟಿ ಮಾತ್ರ ಹಾಗೇ ಉಳಿಯಿತು. ಹೆಸರು, ವಯಸ್ಸು, ಕೆಳಗೆ ‘ಎಲ್‌ಎಸ್ ಸ್ಪೈನ್ ಎಪಿ, ಲ್ಯಾಟರಲ್’. ಅಂದರೆ ಸೊಂಟದ ಬೆನ್ನುಮೂಳೆಯನ್ನು ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ ಅಂತ. ಯಾಕೆ ತೆಗೆಯಬೇಕು? ಯಾವಾಗಿನಿಂದ ನೋವು? ಬಿದ್ದಿದ್ದರಾ? ಜ್ವರ ಬರುತ್ತಾ? ಕಾಲು ಜೋಮು ಹಿಡಿಯುತ್ತಾ? ಇದೊಂದೂ ಇರುವುದಿಲ್ಲ.

ಮೊದಲೆಲ್ಲ ಇದು ಅಷ್ಟು ದೊಡ್ಡ ತೊಂದರೆ ಅನ್ನಿಸುತ್ತಿರಲಿಲ್ಲ. ಚೀಟಿ ಬರೆದ ವೈದ್ಯರೇ ಹಸಿ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ರೋಗಿ ಅಲ್ಲೇ ಎದುರಿಗೆ ಬೆಂಚಿನ ಮೇಲೆ ಕೂತಿರುತ್ತಿದ್ದ. ಈಗ ಹಾಗಲ್ಲ. ಎಷ್ಟೋ ಕಡೆ ಚಿತ್ರ ಇಲ್ಲಿ ತೆಗೆದರೆ ಅದನ್ನು ಓದುವ ರೇಡಿಯಾಲಜಿಸ್ಟ್ ಇನ್ನೆಲ್ಲೋ ಇರುತ್ತಾರೆ. ರೋಗಿಯ ಮುಖ ಅವರು ನೋಡುವುದೇ ಇಲ್ಲ. ಕುಂಟುತ್ತಾ ಬಂದದ್ದು, ಮಗನ ಭುಜ ಹಿಡಿದು ಎದ್ದದ್ದು ಅವರಿಗೆ ಗೊತ್ತಾಗುವುದಿಲ್ಲ. ಅವರ ಕೈಗೆ ಸಿಗುವುದು ಚಿತ್ರ ಮತ್ತು ಚೀಟಿಯಲ್ಲಿದ್ದ ನಾಲ್ಕು ಅಕ್ಷರ. ಅಷ್ಟರಲ್ಲೇ ಅವರು ರಿಪೋರ್ಟ್ ಬರೆಯಬೇಕು.

ನಮ್ಮದು ತೆಂಗಿನ ಸೀಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಮರದಿಂದ ಬಿದ್ದವರು ಆಸ್ಪತ್ರೆಗೆ ಬರುವುದು ಹೊಸದೇನಲ್ಲ. ಕಾಲೂರಿ ಬಿದ್ದರೆ ಮೊದಲು ಒಡೆಯುವುದು ಹಿಮ್ಮಡಿ ಮೂಳೆ. ಆದರೆ ಬಿದ್ದ ರಭಸ ಅಲ್ಲಿಗೇ ನಿಲ್ಲುವುದಿಲ್ಲ. ಕಾಲಿನ ಮೂಲಕ ಮೇಲಕ್ಕೆ ಹೋಗಿ ಬೆನ್ನುಮೂಳೆಯನ್ನು ಅಪ್ಪಚ್ಚಿ ಮಾಡಬಹುದು. ಹೀಗೆ ಹಿಮ್ಮಡಿ ಒಡೆದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ ಎಂದು ಮೂಳೆ ವೈದ್ಯರ ಪುಸ್ತಕಗಳಲ್ಲೇ ಇದೆ. ಹಿಮ್ಮಡಿ ನೋವು ಎಷ್ಟು ಜೋರಾಗಿರುತ್ತದೆ ಅಂದರೆ ಬೆನ್ನಿನ ನೋವು ಅವರಿಗೆ ಗೊತ್ತೇ ಆಗುವುದಿಲ್ಲ.

ಒಂದು ರಾತ್ರಿ ಹೀಗೇ ಒಬ್ಬ ಯುವಕನನ್ನು ಅವನ ಭಾವ ಆಟೋದಲ್ಲಿ ಕರೆತಂದ. ಚೀಟಿಯಲ್ಲಿ ‘ಬಲ ಹಿಮ್ಮಡಿ’ ಅಂತ ಮಾತ್ರ ಇತ್ತು. ಫಿಲ್ಮಿನ ಕ್ಯಾಸೆಟ್ ಇಡುತ್ತಾ ಕೇಳಿದೆ, ‘ಏನಾಯ್ತಪ್ಪಾ?’ ‘ಮರದಿಂದ ಬಿದ್ದೆ ಕಣಕ್ಕಾ, ಎರಡಾಳು ಎತ್ತರ ಇರ್ಬೇಕು’ ಅಂದ. ಒಳಗೆ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಆ ಹೊತ್ತಿನಲ್ಲಿ ಒಬ್ಬರೇ ಇದ್ದರು. ಪಕ್ಕದ ಮಂಚದಲ್ಲಿ ಹಾವು ಕಚ್ಚಿದ ಹೆಂಗಸು. ಆದರೂ ಬಂದು ಅವನನ್ನು ಹುಷಾರಾಗಿ ಮಗ್ಗುಲಾಗಿಸಿ ಬೆನ್ನು ಒತ್ತಿ ನೋಡಿದರು. ಒಂದು ಕಡೆ ಒತ್ತಿದಾಗ ಕಿರುಚಿದ. ಬೆನ್ನಿನ ಎಕ್ಸ್‌ರೇಗೂ ಬರೆದುಕೊಟ್ಟರು. ಸೊಂಟದ ಮೊದಲ ಮೂಳೆ, ನಾವು ಎಲ್1 ಅನ್ನುತ್ತೇವಲ್ಲ, ಅದು ಮುಂದುಗಡೆ ಜಜ್ಜಿ ಹೋಗಿತ್ತು. ಆಮೇಲೆ ಅವನನ್ನು ಕೂರಿಸಲಿಲ್ಲ. ಹಲಗೆ ಮೇಲೆ ಅಂಗಾತ ಮಲಗಿಸಿಯೇ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಚೀಟಿಯಲ್ಲಿ ‘ಮರದಿಂದ ಬಿದ್ದಿದ್ದಾರೆ’ ಎಂಬ ಎರಡೇ ಪದ ಇದ್ದರೆ, ಆ ರಾತ್ರಿ ಡ್ಯೂಟಿಯಲ್ಲಿ ಯಾರೇ ಇದ್ದರೂ ಬೆನ್ನಿನ ಕಡೆ ಗಮನ ಹೋಗುತ್ತಿತ್ತು. ಟೆಕ್ನೀಷಿಯನ್ ಕೇಳಿದರೆ ಗೊತ್ತಾಯಿತು, ಕೇಳದಿದ್ದರೆ ಇಲ್ಲ ಅನ್ನುವ ಸ್ಥಿತಿ ಇರಬಾರದು. ಇನ್ನೂ ಒಂದು ಮಾತು. ಅನುಮಾನ ಬಂತು ಅಂತ ನಾವೇ ಇನ್ನೊಂದು ಜಾಗದ ಎಕ್ಸ್‌ರೇ ತೆಗೆಯುವ ಹಾಗಿಲ್ಲ. ಅದು ವಿಕಿರಣ. ವೈದ್ಯರು ಬರೆದದ್ದಷ್ಟನ್ನೇ ತೆಗೆಯಬೇಕು. ಅದು ಸರಿಯಾದ ನಿಯಮವೇ. ಅದಕ್ಕೇ ಬರೆಯುವುದು ಇಷ್ಟು ಮುಖ್ಯ.

ಮಂಡಿ ನೋವಿನವರ ವಿಷಯಕ್ಕೆ ಬರುತ್ತೇನೆ. ಎಕ್ಸ್‌ರೇ ಕೋಣೆಗೆ ಬರುವ ಅಜ್ಜಿಯರಲ್ಲಿ ಇವರೇ ಜಾಸ್ತಿ. ಮೂಳೆಗಳ ನಡುವೆ ಇರುವ ಮೆತ್ತನೆಯ ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ತೊಡೆ ಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ನಡುವೆ ಎಷ್ಟು ಸಂದು ಉಳಿದಿದೆ ಅನ್ನುವುದನ್ನು ನೋಡಿ, ಮಂಡಿ ಎಷ್ಟು ಸವೆದಿದೆ ಎಂದು ಅಂದಾಜು ಮಾಡುತ್ತಾರೆ. ಮಲಗಿಸಿ ತೆಗೆದರೆ ಮಂಡಿ ಮೇಲೆ ಭಾರ ಇರುವುದಿಲ್ಲ. ಸಂದು ಅಗಲವಾಗಿಯೇ ಕಾಣುತ್ತದೆ. ನಿಲ್ಲಿಸಿ ತೆಗೆದರೆ ಮೈಭಾರ ಬಿದ್ದು, ಸವೆದ ಕಡೆ ಮೂಳೆಗೆ ಮೂಳೆ ತಾಗುವುದು ಕಣ್ಣಿಗೆ ಕಾಣುತ್ತದೆ. ಒಂದೇ ಮಂಡಿ, ಒಂದೇ ದಿನ, ಎರಡು ಬೇರೆ ಬೇರೆ ಚಿತ್ರ! ಚೀಟಿಯಲ್ಲಿ ಬರೀ ‘ನೀ ಎಕ್ಸ್‌ರೇ’, ಅಂದರೆ ಮಂಡಿ ಎಕ್ಸ್‌ರೇ ಅಂತ ಇದ್ದರೆ ಕೆಲಸದ ಒತ್ತಡದಲ್ಲಿ ಮಲಗಿಸಿಯೇ ತೆಗೆಯುವುದು ಸಾಮಾನ್ಯ. ‘ಎರಡೂ ಮಂಡಿ, ನಿಲ್ಲಿಸಿ’ ಅಂತ ಬರೆದರೆ ಸಾಕು. ಸವೆತ ಗೊತ್ತಾಗದೆ, ‘ಏನೂ ಇಲ್ಲ ಕಣಮ್ಮ, ವಯಸ್ಸಾಯ್ತು’ ಅನ್ನಿಸಿಕೊಂಡು ವಾಪಸು ಹೋಗುವ ಅಜ್ಜಿಯರನ್ನು ನೋಡಿ ನನಗೆ ಸಂಕಟವಾಗಿದೆ. ನೋವು ನಿಜವಾಗಿ ಇದ್ದಾಗ ಏನೂ ಇಲ್ಲ ಅನ್ನಿಸಿಕೊಳ್ಳುವುದು ಬಹಳ ಕಷ್ಟದ ವಿಷಯ.

ಬಲ, ಎಡ ಬರೆಯದ ಚೀಟಿಗಳೂ ಬರುತ್ತವೆ. ಕೆಲವು ಸಲ ಚೀಟಿಯಲ್ಲಿ ಎಡ ಅಂತ ಇರುತ್ತದೆ, ಮನುಷ್ಯ ಬಲಗಾಲು ಎಳೆಯುತ್ತಾ ಬರುತ್ತಾನೆ. ತಿದ್ದಿಸಿಕೊಂಡು ಬರಲು ವಾಪಸು ಕಳಿಸಬೇಕಾಗುತ್ತದೆ. ಪಾಪ, ಕ್ಯೂ ತಪ್ಪುತ್ತದೆ.

ನಮ್ಮ ಜಿಲ್ಲೆಯವರು ಮರೆಯಬಾರದ ಇನ್ನೊಂದು ಸಂಗತಿ ಪಾವಗಡದ ನೀರು. ಆ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲ ಅಂದರೂ 1.5 ದಾಟಬಾರದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ. ಬೆನ್ನು ಸೆಟೆದುಕೊಳ್ಳುತ್ತದೆ. ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಾರೆ. ಮೂಳೆಗೆ ಬರುವ ಈ ಫ್ಲೋರೋಸಿಸ್ ನಮ್ಮ ದೇಶದಲ್ಲಿ ಇದೆ ಅಂತ ವೈದ್ಯಲೋಕಕ್ಕೆ ಗೊತ್ತಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯಿಂದ. ಅಂದರೆ ಹಳೆಯ ಕಾಯಿಲೆ. ಎಕ್ಸ್‌ರೇಯಲ್ಲಿ ಅದರ ಗುರುತೂ ಹಳೆಯದೇ. ಮೂಳೆ ಮಾಮೂಲಿಗಿಂತ ಬಿಳಿಯಾಗಿ, ಸುಣ್ಣ ಬಳಿದಂತೆ ಕಾಣುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯೂ ಗಟ್ಟಿಯಾಗಿ ಎಕ್ಸ್‌ರೇಯಲ್ಲಿ ಬಿಳಿ ಗೆರೆಯಾಗಿ ಕಾಣಲು ಶುರುವಾಗುತ್ತದೆ.

ಆ ಕಡೆಯ ಒಬ್ಬ ಹಿರಿಯರ ಬೆನ್ನಿನ ಚಿತ್ರ ಹೀಗೇ ಬೆಳ್ಳಗೆ ಬಂದಿತ್ತು. ಚೀಟಿಯಲ್ಲಿ ವಯಸ್ಸು ಮತ್ತು ‘ಬೆನ್ನು ನೋವು’ ಬಿಟ್ಟು ಏನೂ ಇರಲಿಲ್ಲ. ಬೇರೆ ಊರಿನಲ್ಲಿ ಕೂತು ಓದಿದವರು, ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆಯೇ ಎಂದು ಪರೀಕ್ಷಿಸಿ ಅಂತ ಬರೆದರು. ಓದಿದವರನ್ನು ನಾನು ದೂರುವುದಿಲ್ಲ. ವಯಸ್ಸಾದ ಗಂಡಸಿನ ಬೆನ್ನುಮೂಳೆ ಬೆಳ್ಳಗೆ ಕಂಡರೆ ಮೊದಲು ಆ ಅನುಮಾನವೇ ಬರಬೇಕು. ಆದರೆ ಆ ಮನೆಯವರ ಸ್ಥಿತಿ ಏನಾಗಿರಬೇಡ ಹೇಳಿ. ಹೆಂಡತಿ ಕಾರಿಡಾರಿನಲ್ಲಿ ಕೂತು ಅಳುತ್ತಿದ್ದರು. ಅವರ ಊರು ಯಾವುದು, ಯಾವ ನೀರು ಕುಡಿಯುತ್ತಾರೆ ಎಂದು ಕೇಳಿದ ಮೇಲೆ ನಮ್ಮ ಡಾಕ್ಟರು ಮುಂಗೈ ಎಕ್ಸ್‌ರೇ ತೆಗೆಸಿದರು. ಆ ಬಿಳಿ ಗೆರೆ ಅಲ್ಲಿತ್ತು. ರಕ್ತ ಪರೀಕ್ಷೆಯೂ ಆಯಿತು, ಕ್ಯಾನ್ಸರ್ ಲಕ್ಷಣ ಕಾಣಲಿಲ್ಲ. ಫ್ಲೋರೋಸಿಸ್ ಕೂಡ ಕೆಟ್ಟದ್ದೇ, ಗಟ್ಟಿಯಾದ ಬೆನ್ನು ಮತ್ತೆ ಮೊದಲಿನಂತೆ ಆಗುವುದಿಲ್ಲ. ಆದರೆ ಆ ಕೆಲವು ದಿನಗಳ ಭಯ ಅವರಿಗೆ ಬೇಕಿರಲಿಲ್ಲ ಅಲ್ವಾ? ‘ಪಾವಗಡ ತಾಲ್ಲೂಕು, ಬೋರ್‌ವೆಲ್ ನೀರು’. ಇಷ್ಟು ಬರೆದಿದ್ದರೆ ಎರಡೂ ಕಾಯಿಲೆಗಳ ಹೆಸರು ಮೊದಲ ರಿಪೋರ್ಟಿನಲ್ಲೇ ಬರುತ್ತಿತ್ತು.

ಇದಕ್ಕೆ ತಿರುಗಾಮುರುಗಾ ಆಗುವುದೂ ಇದೆ. ಬೆನ್ನುಮೂಳೆಯ ಕ್ಷಯ. ಟಿಬಿ ಅಂದರೆ ಶ್ವಾಸಕೋಶಕ್ಕೆ ಮಾತ್ರ ಅಂದುಕೊಳ್ಳುವ ಜನ ಇನ್ನೂ ಇದ್ದಾರೆ. ಬೆನ್ನುಮೂಳೆಗೂ ಬರುತ್ತದೆ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಗೊತ್ತಾಗುವುದು ಕಷ್ಟ. ಮೂಳೆಯ ಸುಣ್ಣದಂಶ ಸುಮಾರು ಮೂರನೇ ಒಂದು ಭಾಗದಷ್ಟಾದರೂ ಹೋದ ಮೇಲೆಯೇ ಎಕ್ಸ್‌ರೇ ಅದನ್ನು ತೋರಿಸುತ್ತದೆ. ಎಂಆರ್‌ಐಯಲ್ಲಿ ಬಹಳ ಮೊದಲೇ ಕಾಣುತ್ತದೆ. ಸಂಜೆ ಹೊತ್ತು ಸಣ್ಣಗೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು, ಮನೆಯಲ್ಲಿ ಯಾರಿಗೋ ಟಿಬಿ ಇದ್ದದ್ದು, ಇವೆಲ್ಲ ರೋಗಿಯ ಬಾಯಲ್ಲಿ ಇರುವ ಮಾಹಿತಿ. ಚಿತ್ರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಚೀಟಿಯಲ್ಲಿ ‘ಬೆನ್ನು ನೋವು’ ಅಂತ ಇದ್ದರೆ, ‘ಸವೆತ ಇದೆ’ ಅನ್ನುವ ರಿಪೋರ್ಟ್ ಬರುತ್ತದೆ. ರೋಗಿ ನೋವಿನ ಮಾತ್ರೆ ನುಂಗುತ್ತಾ ತಿಂಗಳುಗಳನ್ನು ಕಳೆಯುತ್ತಾನೆ. ಇನ್ನೊಂದು ತೊಡಕು ನೋಡಿ. ಈ ಕಾಯಿಲೆ ಎಷ್ಟೋ ಸಲ ಎದೆಯ ಹಿಂದಿನ ಬೆನ್ನುಮೂಳೆಗೆ, ಸೊಂಟಕ್ಕಿಂತ ಮೇಲೆ ಬರುತ್ತದೆ. ನಾವು ಸೊಂಟದ ಚಿತ್ರ ಮಾತ್ರ ತೆಗೆದರೆ ಕಾಯಿಲೆ ಇರುವ ಜಾಗ ಫಿಲ್ಮಿನ ಅಂಚಿನಿಂದ ಆಚೆಗೇ ಉಳಿಯುತ್ತದೆ. ಎಲ್ಲಿ ಒತ್ತಿದರೆ ನೋವು ಅಂತ ಬರೆದಿದ್ದರೆ ಹಾಗಾಗುವುದಿಲ್ಲ. ಬೇಗ ಗೊತ್ತಾದರೆ ಇದಕ್ಕೆ ಔಷಧಿ ಇದೆ, ಸರ್ಕಾರವೇ ಪುಕ್ಕಟೆ ಕೊಡುತ್ತದೆ. ತಡವಾದರೆ ಬೆನ್ನು ಗೂನಾಗಬಹುದು, ಎರಡೂ ಕಾಲಿನ ಶಕ್ತಿಯೇ ಹೋಗಬಹುದು.

ಈಗ ಎಂಆರ್‌ಐ ಸರದಿಯ ಮಾತು. ಬೆನ್ನು ನೋವು ಬಂದ ವಾರದಲ್ಲೇ ಎಂಆರ್‌ಐ ಮಾಡಿಸಿಬಿಡೋಣ ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ಅಪಾಯದ ಲಕ್ಷಣ ಇಲ್ಲದ ಸಾಮಾನ್ಯ ಬೆನ್ನು ನೋವಿಗೆ ಮೊದಲ 6 ವಾರ ಯಾವ ಚಿತ್ರವೂ ಬೇಡ ಅನ್ನುವುದು ಹಲವು ದೇಶಗಳ ವೈದ್ಯರು ಒಪ್ಪಿದ ಮಾತು. ಹೆಚ್ಚಿನವರಿಗೆ ಅಷ್ಟರಲ್ಲಿ ನೋವು ಇಳಿದಿರುತ್ತದೆ. ನೋವೇ ಇಲ್ಲದವರ ಬೆನ್ನನ್ನು ಸ್ಕ್ಯಾನ್ ಮಾಡಿದರೆ ಏನು ಕಾಣುತ್ತದೆ ಅಂತ ನೋಡಿದ್ದಾರೆ. 3,110 ಜನರ ಮೇಲೆ ನಡೆದ 33 ಅಧ್ಯಯನಗಳನ್ನು ಒಟ್ಟು ಸೇರಿಸಿ 2015ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ನೋವಿಲ್ಲದ 20 ವರ್ಷದವರಲ್ಲೇ 100ಕ್ಕೆ 30 ಜನರಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. 40 ವರ್ಷದವರಲ್ಲಿ 50 ಜನರಿಗೆ. 80 ವರ್ಷದವರಲ್ಲಿ 84 ಜನರಿಗೆ. ಇವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು!

ಹಾಗಾಗಿ ಪ್ರಶ್ನೆ ಇಲ್ಲದೆ ಎಂಆರ್‌ಐ ಮಾಡಿದರೆ ಓದುವ ವೈದ್ಯರು ಕಂಡದ್ದನ್ನೆಲ್ಲ ಬರೆಯುತ್ತಾರೆ. ಈ ಡಿಸ್ಕ್ ಉಬ್ಬಿದೆ, ಆ ಡಿಸ್ಕ್ ಒಣಗಿದೆ, ಇಲ್ಲಿ ಸೀಳಿದೆ, ಅಲ್ಲಿ ಸವೆದಿದೆ. ಎರಡು ಪುಟ ತುಂಬುತ್ತದೆ. ಮೂವತ್ತು ದಾಟದ ಹುಡುಗರು ಆ ಪುಟ ನೋಡಿ ಹೆದರಿ, ಮೂಟೆ ಹೊರುವ ಕೆಲಸ ಬಿಟ್ಟು ಮನೆಯಲ್ಲಿ ಮಲಗಿಬಿಟ್ಟದ್ದನ್ನು ಕಂಡಿದ್ದೇನೆ. ಅದೇ ಚೀಟಿಯಲ್ಲಿ ‘ಬಲಗಾಲು, ತೊಡೆಯಿಂದ ಹೆಬ್ಬೆರಳಿನವರೆಗೆ ಜೋಮು, ಎರಡು ತಿಂಗಳಿಂದ’ ಅಂತ ಇದ್ದರೆ ಕಥೆ ಬೇರೆ. ಪಾದದ ಮೇಲ್ಭಾಗ, ಹೆಬ್ಬೆರಳಿನ ಕಡೆ ಜೋಮು ಅಂದರೆ ಸಾಮಾನ್ಯವಾಗಿ ಸೊಂಟದ ಐದನೇ ನರ, ಎಲ್5. ಕಿರುಬೆರಳಿನ ಕಡೆ ಅಂದರೆ ಅದರ ಕೆಳಗಿನ ನರ, ಎಸ್1. ಓದುವವರು ನೇರವಾಗಿ ಆ ಜಾಗಕ್ಕೆ ಹೋಗಿ, ಬಲಗಡೆ ನರ ಒತ್ತಿಹೋಗಿದೆಯೋ ಇಲ್ಲವೋ ಅಂತ ಹೇಳುತ್ತಾರೆ. ಉಬ್ಬು ಎಡಗಡೆ ಇದ್ದು ನೋವು ಬಲಗಡೆ ಇದ್ದರೆ, ಅದು ಈ ನೋವಿಗೆ ಕಾರಣ ಇರಲಾರದು ಅಂತಲೂ ಬರೆಯಬಹುದು. ಆಪರೇಷನ್ ಮಾಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸರ್ಜನ್‌ಗೆ ಬೇಕಾದದ್ದು ಇದೇ.

ಸರದಿಯಲ್ಲಿ ಯಾರು ಮೊದಲು ಅನ್ನುವುದೂ ಚೀಟಿಯಿಂದಲೇ ಗೊತ್ತಾಗಬೇಕು. ಬೆನ್ನು ನೋವಿನ ಜೊತೆಗೆ ಮೂತ್ರ ಕಟ್ಟಿದರೆ, ಅಥವಾ ಗೊತ್ತಿಲ್ಲದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲು ಆಗದೆ ನೆಲಕ್ಕೆ ಎಳೆದರೆ ಅದು ತುರ್ತು. ಅವತ್ತೇ ನೋಡಬೇಕು. ವಾರಗಟ್ಟಲೆ ಕಾಯಿಸಿದರೆ ಆ ನರಗಳು ಮತ್ತೆ ಚೇತರಿಸಿಕೊಳ್ಳದೇ ಹೋಗಬಹುದು. ಆದರೆ ಅಂಥವರ ಚೀಟಿಯೂ, ವರ್ಷದಿಂದ ಸೊಂಟ ಹಿಡಿದವರ ಚೀಟಿಯೂ ಒಂದೇ ಥರ ಇದ್ದರೆ ಎಂಆರ್‌ಐ ಕೌಂಟರಿನಲ್ಲಿ ಕೂತವರು ಏನು ಮಾಡಬೇಕು? ಬಂದ ಸರದಿಯಂತೆ ತಾರೀಕು ಕೊಡುತ್ತಾರೆ. ಇನ್ನೂ ಎರಡು ಯಂತ್ರ ತಂದರೂ ಈ ತೊಂದರೆ ಹೋಗುವುದಿಲ್ಲ.

ಎಂಆರ್‌ಐ ಚೀಟಿಯಲ್ಲಿ ಇನ್ನೂ ಒಂದು ಸಾಲು ಬೇಕೇ ಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ಮಿದುಳಿನ ಆಪರೇಷನ್‌ನಲ್ಲಿ ಕ್ಲಿಪ್ ಹಾಕಿದ್ದಾರಾ, ವೆಲ್ಡಿಂಗ್ ಅಥವಾ ಲೇತ್ ಕೆಲಸದಲ್ಲಿ ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕಿದ್ದು ಉಂಟಾ. ಎಂಆರ್‌ಐ ಯಂತ್ರ ಅಂದರೆ ಕಬ್ಬಿಣವನ್ನು ಜೋರಾಗಿ ಎಳೆಯುವ ದೊಡ್ಡ ಅಯಸ್ಕಾಂತ, ಸ್ಕ್ಯಾನ್ ಇಲ್ಲದಿದ್ದಾಗಲೂ ಅದು ಆನ್ ಆಗಿಯೇ ಇರುತ್ತದೆ. 2018ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋದ ಸಂಬಂಧಿಕರೊಬ್ಬರು ಪ್ರಾಣ ಕಳೆದುಕೊಂಡರು. ನಮ್ಮ ಹೆಣ್ಣುಮಕ್ಕಳು ಬಳೆಗೋ ತಾಳಿ ಸರಕ್ಕೋ ಪಿನ್ನು ಸಿಕ್ಕಿಸಿಕೊಂಡಿರುತ್ತಾರೆ, ಗಂಡಸರ ಉಡಿದಾರದಲ್ಲಿ ತಾಯಿತ ಇರುತ್ತದೆ. ಇದನ್ನು ಒಳಗೆ ಹೋಗುವ ಮೊದಲೇ ಹೇಳಿ, ತೆಗೆದಿಡಿ. ಸೊಂಟದ ಎಕ್ಸ್‌ರೇಯಲ್ಲಿ ತಾಯಿತ ಮೂಳೆ ಮೇಲೆ ಬಂದು ಕೂತರೆ ಇನ್ನೊಮ್ಮೆ ತೆಗೆಯಬೇಕಾಗುತ್ತದೆ. ಸೊಂಟದ ಒಂದು ಎಕ್ಸ್‌ರೇ ಪರೀಕ್ಷೆಯಲ್ಲಿ ದೇಹಕ್ಕೆ ತಗಲುವ ವಿಕಿರಣ, ಸುಮಾರು ಆರು ತಿಂಗಳಲ್ಲಿ ಭೂಮಿ ಮತ್ತು ಆಕಾಶದಿಂದ ಸಹಜವಾಗಿ ತಗಲುವಷ್ಟು. ಭಯ ಬೀಳುವಷ್ಟೇನೂ ಅಲ್ಲ. ಆದರೆ ಸುಮ್ನೆ ಎರಡು ಸಲ ಯಾಕೆ? ಹೊಟ್ಟೆಯಲ್ಲಿ ಮಗು ಇರಬಹುದು ಅನ್ನುವ ಅನುಮಾನ ಇದ್ದರೂ ನಾಚಿಕೆ ಪಡದೆ ಹೇಳಬೇಕು.

ವೈದ್ಯರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಸಂತೆ ದಿನ ಹೊರರೋಗಿ ವಿಭಾಗದ ಬಾಗಿಲಲ್ಲಿ ಎಷ್ಟು ಜನ ಇರುತ್ತಾರೆ ಅಂತ ನನಗೆ ಗೊತ್ತು. ಒಬ್ಬರೇ ಡಾಕ್ಟರು ಊಟವನ್ನೂ ಬಿಟ್ಟು ನೋಡುತ್ತಾರೆ. ಅದಕ್ಕೇ ಆರೋಗ್ಯ ಇಲಾಖೆಯನ್ನು ಕೇಳಿಕೊಳ್ಳುವುದು, ಚೀಟಿಯನ್ನೇ ಸರಿಯಾಗಿ ಅಚ್ಚು ಹಾಕಿಸಿ ಕೊಡಿ. ಯಾವ ಕಡೆ, ಯಾವಾಗಿನಿಂದ, ಹೇಗೆ ಶುರುವಾಯಿತು, ಜ್ವರ ಅಥವಾ ತೂಕ ಇಳಿದದ್ದು ಉಂಟಾ, ಮೊದಲು ಆಪರೇಷನ್ ಆಗಿದೆಯಾ, ಮೈಯಲ್ಲಿ ಲೋಹ ಇದೆಯಾ, ವೈದ್ಯರ ಅನುಮಾನ ಏನು. ಇಷ್ಟು ಖಾಲಿ ಜಾಗ ಬಿಟ್ಟರೆ ಸಾಕು. ಕೊನೆಯದನ್ನು ವೈದ್ಯರೇ ಬರೆಯಬೇಕು. ಉಳಿದದ್ದನ್ನು ನರ್ಸ್ ಬರೆಯಬಹುದು, ಜೊತೆಗೆ ಬಂದ ಮಗಳು ಬರೆಯಬಹುದು. ಕನ್ನಡದಲ್ಲೇ ಬರೆಯಲಿ. ಪಾವಗಡದಂಥ ಕಡೆ ‘ಕುಡಿಯುವ ನೀರು ಯಾವುದು’ ಅನ್ನುವ ಒಂದು ಸಾಲು ಹೆಚ್ಚಿಗೆ ಇರಲಿ.

ಅಂಥ ಚೀಟಿ ಬರುವವರೆಗೆ ಓದುಗರು ಸುಮ್ಮನೆ ಕೂರಬೇಕಿಲ್ಲ. ಈಗಿನ ಚೀಟಿಯ ಹಿಂಬದಿ ಖಾಲಿಯೇ ಇರುತ್ತದೆ. ಸರದಿಯಲ್ಲಿ ಕಾಯುವಾಗ ನಿಮ್ಮ ಅಮ್ಮನಿಗೆ ಎಲ್ಲಿ ನೋವು, ಎಂದಿನಿಂದ, ಬಿದ್ದದ್ದು ಇದೆಯಾ ಅಂತ ನಾಲ್ಕು ಮಾತು ಅಲ್ಲಿ ಬರೆಯಿರಿ. ಹಳೆಯ ಫಿಲ್ಮ್‌ಗಳನ್ನು ಮಡಚದೆ, ಸುರುಳಿ ಸುತ್ತದೆ ಚಪ್ಪಟೆಯಾಗಿ ಇಟ್ಟುಕೊಂಡು ಜೊತೆಗೆ ತನ್ನಿ. ಹೊಸ ಚಿತ್ರದಲ್ಲಿ ಕಂಡ ಬದಲಾವಣೆ ಮೊನ್ನೆಯದೋ ಹತ್ತು ವರ್ಷದ ಹಿಂದಿನದೋ ಅಂತ ಹಳೆಯದನ್ನು ನೋಡಿದರೆ ತಾನೇ ಗೊತ್ತಾಗುವುದು? ಕೈಯೂರಿ ಬಿದ್ದು ಮಣಿಕಟ್ಟಿನ ಹೆಬ್ಬೆರಳಿನ ಬುಡದಲ್ಲಿ ನೋವಿದ್ದರೆ, ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಎರಡು ವಾರ ಬಿಟ್ಟು ಮತ್ತೆ ತೋರಿಸಿ. ಅಲ್ಲಿನ ಸಣ್ಣ ಮೂಳೆಯ ಬಿರುಕು ಎಷ್ಟೋ ಸಲ ತಡವಾಗಿ ಕಾಣುತ್ತದೆ. ಆಗಲೂ ಮೊದಲ ಫಿಲ್ಮ್ ಜೊತೆಯಲ್ಲಿರಲಿ.

ಈಗ ಎಕ್ಸ್‌ರೇ ಕೋಣೆಗಳಲ್ಲಿ ಕೆಲಸ ಮಾಡುತ್ತಿರುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಚೀಟಿಯ ಹಿಂದೆ ಬರೆದದ್ದನ್ನು ಓದಿ. ಬರೆದಿಲ್ಲದಿದ್ದರೆ ರೋಗಿಯನ್ನು ಮಂಚದ ಮೇಲೆ ಸರಿಪಡಿಸುವಾಗಲೇ ಕೇಳಿ, ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಚಿತ್ರ ಕಳಿಸುವ ಕಂಪ್ಯೂಟರಿನಲ್ಲಿ ರೋಗಿಯ ವಿವರಕ್ಕೆ ಒಂದು ಖಾನೆ ಇರುತ್ತದಲ್ಲ, ಬಹಳ ಸಲ ಅದನ್ನು ಖಾಲಿ ಬಿಟ್ಟೇ ಕಳಿಸುತ್ತಾರೆ. ಅದರಲ್ಲಿ ಟೈಪ್ ಮಾಡಿ ಕಳಿಸಿ: ‘ತೆಂಗಿನ ಮರದಿಂದ ಬಿದ್ದಿದ್ದಾರೆ’, ‘ಮೂರು ತಿಂಗಳಿಂದ ಸಂಜೆ ಜ್ವರ’, ‘ಬಲಗಾಲ ಹೆಬ್ಬೆರಳು ಜೋಮು’.

ಇಂತಿ,
ನಿವೃತ್ತ ಎಕ್ಸ್‌ರೇ ಟೆಕ್ನೀಷಿಯನ್,
ತುಮಕೂರು ಜಿಲ್ಲೆ